ಅತ್ತೆ ಕಲಿಸಿದ ೧೪೨೮೫೭

ಬೆಳಿಗ್ಗೆ ಹಿತ್ತಲಲ್ಲಿ ತೊಂಡೆ ಎಲೆ ಹಿಸುಕಿದೆ. ಚಿಕ್ಕಂದಿನಲ್ಲಿ ಸ್ಲೇಟು ಒರೆಸುತ್ತಿದ್ದ ಆ ಎಲೆಯ ಹಸಿ ವಾಸನೆ ನನ್ನನ್ನು ಹೊಸಪೇಟೆ ಬಳಿಯ ಚಿತ್ತವಾಡ್ಗಿಯ ನಮ್ಮ ಪಡಸಾಲೆಗೆ ಎಳೆದೊಯ್ದಿತು.

ಆಗ ನಮ್ಮೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಒಂದು ದಿನ ಅಜ್ಜ ವಿಭೂತಿ ಹಚ್ಚಿಕೊಳ್ಳುತ್ತಲೇ ತೀರ್ಪು ಕೊಟ್ಟರು.

"ನಾಳಿಂದ ಸಾಲಿ ಸಾಕು. ಹೆಣ್ಣುಮಗಳಿಗೆ ಲೆಕ್ಕ ಯಾಕ?"

ನಾನು ಸ್ಲೇಟಿನಲ್ಲಿ ೧೪೨೮೫೭ ಬರೆದು ಮುಂದೆ ಹಿಡಿದೆ. "ಎರಡರಿಂದ ಆರರ ತನಕ ಯಾವುದರಿಂದಾದ್ರೂ ಗುಣಿಸ್ರಿ. ಇವೇ ಆರು ಅಂಕಿ ತಿರುಗಿ ಬರ್ತಾವ."

ಅಜ್ಜ ಮೂರರಿಂದ ಗುಣಿಸಿದರು: ೪೨೮೫೭೧. ಐದರಿಂದ: ೭೧೪೨೮೫. ನನ್ನನ್ನು ಸೋಲಿಸಲೆಂದೇ ಏಳರಿಂದ ಗುಣಿಸಿದರು. ಆರೂ ಒಂಬತ್ತುಗಳೇ ಬಂದವು!

"ಯಾರು ಕಲಿಸಿದ್ರು ನಿನಗ?"

ಅವರೆದುರು ಎಂದೂ ಬಾಯಿ ತೆರೆಯದ ಅವರ ವಿಧವೆ ಮಗಳು, ನನ್ನ ಸೋದರತ್ತೆ, ಅಡುಗೆಮನೆಯಿಂದ ಹೊರಬಂದಳು.

"ನಾನ್ರಿ ಅಪ್ಪಾ. ನನ್ನನ್ನ ಎರಡನೇ ಕ್ಲಾಸಿಗೇ ಸಾಲಿ ಬಿಡಿಸಿದ್ರಿ. ಒಲಿ ಬೂದ್ಯಾಗ ಬರದು ಬರದು ಕಲ್ತೆ. ಇಕಿನ್ನ ಬಿಡಿಸಾಕ ನಾ ಬಿಡಂಗಿಲ್ಲ."

ಅಜ್ಜ ಒಪ್ಪಲಿಲ್ಲ, ತಡೆಯಲೂ ಇಲ್ಲ. ಮರುದಿನ ಅತ್ತೆಯೇ ನನ್ನ ಕೈಹಿಡಿದು ಬಜಾರಿನ ನಡುವೆ ಶಾಲೆಗೆ ನಡೆದಳು. ವಿಧವೆ ಬಜಾರಿಗೆ ಬಂದಳೆಂದು ಜನ ಆಡಿಕೊಂಡರು. ಅವಳು ತಲೆ ತಗ್ಗಿಸಲಿಲ್ಲ.

ನನಗೀಗ ತೊಂಬತ್ತು. ಹೊಸಪೇಟೆಯ ಎಷ್ಟೋ ಹುಡುಗಿಯರಿಗೆ ಲೆಕ್ಕ ಕಲಿಸಿದ್ದೇನೆ. ಅತ್ತೆಯ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅದಕ್ಕೇ ಇಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ: ನೀಲಮ್ಮ.