ಆರೂವರೆ ಗೀರು

ದೆವ್ವ-ಭೂತದ ಮಾತು ಬಂದರೆ ಮೊದಲು ನಗುತ್ತಿದ್ದವನು ನಾನೇ. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ನೀವು ನನ್ನನ್ನು ನೋಡಿ ನಕ್ಕರೂ ನನಗೆ ಬೇಸರವಿಲ್ಲ. ತಮಾಷೆಯೆಂದರೆ, ನಗುತ್ತಲೇ ನಾನು ಅಂಥ ಕಥೆಗಳನ್ನು ಬರೆಯುತ್ತಿದ್ದೆ. ಹಗಲು ಗದಗಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವುದು. ಸಂಜೆ ಮನೆಗೆ ಬಂದು, ಮೊಬೈಲಿನಲ್ಲಿ ಕಥೆ ಕೇಳಿಸುವ ಒಂದು ಆ್ಯಪಿಗೆ ಬೇರೆ ಹೆಸರಿನಲ್ಲಿ ರಕ್ತ ಹರಿಸುವುದು.

ಬಿಳಿ ಸೀರೆ, ಗೆಜ್ಜೆ ಸಪ್ಪಳದ ಕಥೆಗಳಲ್ಲ. ಕೇಳುವವರು ಊಟದ ತಟ್ಟೆ ಸರಿಸಿ ಏಳಬೇಕು, ಅಂಥವು. ಜನಕ್ಕೆ ಇದು ಯಾಕೆ ಬೇಕು ಎಂದು ಬಹಳ ಮಂದಿ ಕೇಳಿದ್ದಾರೆ. ನಮ್ಮೂರಿನ ಮಿರ್ಚಿಭಜಿಯನ್ನು ಯಾಕೆ ತಿನ್ನುತ್ತೀರಿ ಎಂದು ನಾನು ತಿರುಗಿ ಕೇಳುತ್ತಿದ್ದೆ. ಕಣ್ಣಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಆದರೂ ಇನ್ನೊಂದಕ್ಕೆ ಕೈ ಚಾಚುತ್ತೇವೆ. ಇದರಿಂದ ಸಾಯುವುದಿಲ್ಲ ಎಂಬ ಧೈರ್ಯ ಒಳಗೆ ಇದ್ದೇ ಇರುತ್ತದೆ. ಆದರೆ ಹತ್ತನೆಯ ಮಿರ್ಚಿಗೆ ರುಚಿ ಇರುವುದಿಲ್ಲ, ಬರೀ ಉರಿ ಇರುತ್ತದೆ ಎಂಬುದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ನನ್ನ ಕೇಳುಗರು ಆಗಲೇ ಹತ್ತನೆಯದಕ್ಕೆ ಬಂದಿದ್ದರು. 'ಈ ಸಲ ಸಪ್ಪಗಿತ್ತು, ಇನ್ನೂ ಖಾರ ಇರ್ಲಿ' ಎಂದು ಬರೆಯುತ್ತಿದ್ದರು. ನಾನೂ ಖಾರ ಹೆಚ್ಚಿಸುತ್ತ ಹೋದೆ.

ಕೆಲವು ವರ್ಷಗಳ ಹಿಂದೆ ಹಾಗೆ ಹೆಚ್ಚಿಸಿ ಬರೆದದ್ದು ಒಬ್ಬ ನೇಕಾರ ಹೆಂಗಸಿನ ಕಥೆ. ಮಗ್ಗದ ಉದ್ದಕ್ಕೂ ಹೂಡಿದ ಹಾಸಿನ ನೂಲು ಮುಗಿಯುವವರೆಗೆ ಹೊರಗೆ ಬಿಡುವುದಿಲ್ಲವೆಂದು ಗಂಡ ಅವಳನ್ನು ಮಗ್ಗದ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅದು ಕುಣಿಮಗ್ಗ, ಎಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವಂಥದ್ದು. ಅಡ್ಡಕ್ಕೆ ಹೊಗಿಸುವ ಹೊಕ್ಕಿನ ನೂಲು ಮೊದಲೇ ತೀರಿದಾಗ ಅವಳು ತನ್ನ ಕೂದಲನ್ನು ನೇಯುತ್ತಾಳೆ, ಆಮೇಲೆ ಇನ್ನೇನನ್ನು ನೇಯುತ್ತಾಳೆ ಎಂಬುದನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ದಿನ ಎಣಿಸಲು ಲಾಳಿಯ ಮೊನೆಯಿಂದ ಕುಣಿಯ ಬಲಗೋಡೆಯ ಮೇಲೆ ಗೀರು ಹಾಕುತ್ತಾಳೆ. ಆರು ಗೀರು ಪೂರ್ತಿ. ಏಳನೆಯದು ಅರ್ಧಕ್ಕೇ ನಿಲ್ಲುತ್ತದೆ. ಆ ಅರ್ಧ ಗೀರು ಹೊಳೆದಾಗ ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಕಥೆ ಓಡಿತು. ಎರಡನೆಯ ಭಾಗ ಬೇಕೆಂದರು. ಆಗ ನನಗೊಂದು ಅಳುಕು ಹುಟ್ಟಿತು. ನಾನು ಮುಂಡರಗಿ ಕಡೆಯ ಒಕ್ಕಲುತನದವರ ಮನೆಯವನು, ಕುಣಿಮಗ್ಗವನ್ನು ಹತ್ತಿರದಿಂದ ನೋಡಿದವನೇ ಅಲ್ಲ. ನಮ್ಮ ಮುದ್ರಣಾಲಯದಲ್ಲಿ ಬೈಂಡಿಂಗ್ ಮಾಡುವ ಈರಣ್ಣ ಬೆಟಗೇರಿಯವನು. ತನ್ನ ಓಣಿಯಲ್ಲಿ ನೀಲವ್ವ ಎಂಬ ಮುದುಕಿಯ ಮನೆಯಲ್ಲಿ ಇನ್ನೂ ಒಂದು ಇದೆ ಎಂದ. ಅಮಾವಾಸ್ಯೆಯ ದಿನ ಮಗ್ಗಕ್ಕೆ ಸೂಟಿ, ಮಾತಾಡಲು ಆಕೆಗೆ ಪುರಸೊತ್ತು ಇರುತ್ತದೆ ಎಂದು ಅದೇ ದಿನ ಮಧ್ಯಾಹ್ನ ಕರೆದುಕೊಂಡು ಹೋದ.

ಒಂಟಿ ಮುದುಕಿ, ಎಂಬತ್ತರ ಹತ್ತಿರ. "ಬರ್ರಿ, ಕುಂಡ್ರಿ" ಎಂದು ಕಂಬಳಿ ಹಾಸಿದಳು. ಮಗ್ಗಕ್ಕೆ ಪೂಜೆಯಾಗಿತ್ತು, ಊದಿನಕಡ್ಡಿಯ ವಾಸನೆ ಇನ್ನೂ ಇತ್ತು. ಕುಣಿಯಲ್ಲಿ ಕುಳಿತು ನೋಡಲೇ ಎಂದೆ. "ಇವತ್ತ ಬ್ಯಾಡ್ರಿ. ಅಮಾಸಿ ದಿನಾ ಕುಣಿಯಾಗ ಕಾಲ ಇಡಾಂಗಿಲ್ಲ, ನಾಳೆ ಬರ್ರಿ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋದಳು. ಈರಣ್ಣ ತನ್ನ ಮನೆಗೆ ಹೋಗಿ ಬರುತ್ತೇನೆಂದು ಹೊರಟ. ಹೇಳಿದ ಮಾತು ಕೇಳುವ ಬುದ್ಧಿ ನನಗೆ ಯಾವತ್ತೂ ಇಲ್ಲ. ಚಪ್ಪಲಿ ಹೊರಗಿಟ್ಟಿದ್ದೇನಲ್ಲ, ಇನ್ನೇನು ಎಂದುಕೊಂಡು ಕಾಲು ಇಳಿಬಿಟ್ಟು ಕುಳಿತೇಬಿಟ್ಟೆ.

ತಂಪಾಗಿತ್ತು. ಕಾಲು ಕೆಳಗಿನ ತುಳಿಯುವ ಹಲಗೆಗಳ ಮೇಲೆ ತಾವಾಗಿ ಕುಳಿತವು. ನನ್ನ ಬಲಗೈ ಕೆಳಗೆ ಹೋಯಿತು. ನಾನೇ ಇಳಿಸಿದೆನೋ ಏನೋ, ನೆನಪಿಲ್ಲ. ಬೆರಳಿಗೆ ಗೀರು ಸಿಕ್ಕವು. ಎಣಿಸಿದೆ, ಆರು. ಏಳನೆಯದರ ಮೇಲೆ ಬೆರಳು ಜಾರಿಸಿದೆ. ಅದು ಅರ್ಧಕ್ಕೇ ನಿಂತಿತು.

ಓದುಗರೇ, ಊರಿಗೆಲ್ಲ ಭಯ ಹಂಚಿದ ನನಗೆ ಭಯ ಎಂದರೇನೆಂದು ಗೊತ್ತಾದದ್ದು ಆಗ. ಹೊರಗೆ ಸುಡು ಬಿಸಿಲು, ಪಕ್ಕದ ಮನೆಯಲ್ಲಿ ಯಾರೋ ಹಿಟ್ಟು ಜರಡಿ ಹಿಡಿಯುತ್ತಿದ್ದರು. ನನ್ನ ಕೈಕಾಲು ತಣ್ಣಗಾಗಿ ಬೆವರು ಕಿತ್ತು ಬಂತು. ಗೀರುಗಳನ್ನು ಮೊದಲಿನಿಂದ ಮತ್ತೆ ಎಣಿಸಿದೆ.

ನೀಲವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ನನ್ನ ಕೈ ಎಲ್ಲಿದೆ ಎಂದು ನೋಡಿದಳು. "ಅವು ನಮ್ಮ ಅಕ್ಕ ಹಾಕಿದ್ದು. ಕುಣಿ ಸಾರಸೂ ಮುಂದ ನಾ ಅಷ್ಟು ಬಿಟ್ಟು ಸಾರಸತೀನಿ" ಎಂದಳು. ಆಮೇಲೆ ಕೇಳಿದಳು: "ನಿಮಗ ಯಾರು ಹೇಳಿದ್ರು?"

ನಾನು ಎಲ್ಲ ಹೇಳಿಬಿಟ್ಟೆ. ಹೀಗೊಂದು ಕಥೆ ಕಟ್ಟಿದ್ದೆ, ಯಾರೂ ಹೇಳಿದ್ದಲ್ಲ ಎಂದೆ. ಆಕೆ ನನ್ನ ಎದುರಿಗೆ ನೆಲದ ಮೇಲೆ ಕುಳಿತಳು. "ನಿಮ್ಮ ಕಥಿಯೊಳಗ ಸಣ್ಣ ಹುಡುಗಿ ಇಲ್ಲೇನ್ರಿ?" ಎಂದಳು.

ಇದ್ದಳು. ಎರಡನೆಯ ಭಾಗದಲ್ಲಿ, ಅದೇ ಏಳನೆಯ ದಿನ, ಬಾಗಿಲ ಹೊರಗೆ ಇದ್ದಳು. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಅಷ್ಟು ಬರೆದು ನಿಲ್ಲಿಸಿದ್ದೆ, ಯಾರಿಗೂ ತೋರಿಸಿರಲಿಲ್ಲ, ಹೆಂಡತಿಗೂ.

ನಾನು ಉತ್ತರ ಕೊಡುವ ಮೊದಲೇ ಆಕೆ ಹೇಳತೊಡಗಿದಳು. ಅಕ್ಕನ ಮನೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡಲು ತಂದಿಟ್ಟುಕೊಂಡ ಎಂಟು ವರ್ಷದ ತಂಗಿ ಆಕೆ. ಅಕ್ಕನಿಗೆ ಜ್ವರ, ತವರಿಗೆ ಹೋಗುತ್ತೇನೆಂದಳು. ಮದುವೆ ಸೀರೆಗಳು ಮುಗಿಯಲಿ ಎಂದು ಗಂಡ ಹೊರಗಿನಿಂದ ಚಿಲಕ ಹಾಕಿದ. "ಏಳನೇ ದಿನಾ ಅಂವ ಲಕ್ಷ್ಮೇಶ್ವರ ಸಂತಿಗೆ ಹೋಗಿದ್ದ. ಮನಿಯಾಗ ನಾ ಒಬ್ಬಾಕಿನ. ಅಕ್ಕ ಒಳಗಿಂದ ಕರದ್ಲು. ಚಿಲಕ ನನಗ ಎಟಕೂದಿಲ್ಲ ಅಂತ ಎಲ್ಲಾರೂ ತಿಳದಿದ್ರು. ಕಂಡಿಕಿ ಬುಟ್ಟಿ ಡಬ್ಬ ಹಾಕಿ ಹತ್ತಿದೆ. ಚಿಲಕಕ್ಕ ಕೈ ಹತ್ತಿತು. ಅಂವ ಒದೀತಾನಂತ ಅಂಜಿ ಇಳದ ಬಿಟ್ಟೆ, ತಮ್ಮಾ."

ಸಂಜೆ ಬಾಗಿಲು ತೆಗೆದಾಗ ಅಕ್ಕ ಕುಣಿಯಲ್ಲಿ ಕಾಲು ಬಿಟ್ಟುಕೊಂಡೇ ಜೀವ ಬಿಟ್ಟಿದ್ದಳು. ರಕ್ತ ಇರಲಿಲ್ಲ, ಕೂದಲು ನೇಯ್ದಿರಲಿಲ್ಲ. ನೀಲವ್ವ ಕೊನೆಗೆ ಒಂದು ಮಾತು ಹೇಳಿದಳು, "ನಾ ದೊಡ್ಡಾಕಿ ಆದ ಮ್ಯಾಲೆ ಅದಾ ಮನಿಗೆ, ಅಕ್ಕನ ಗಂಡಗ ನನ್ನ ಕೊಟ್ರು." ಅರವತ್ತು ವರ್ಷ ಆಕೆ ಅದೇ ಕುಣಿಯಲ್ಲಿ ಕಾಲು ಬಿಟ್ಟು ನೇಯ್ದಿದ್ದಾಳೆ. ನಾನು ಪುಟಗಟ್ಟಲೆ ಹರಿಸಿದ ರಕ್ತವೆಲ್ಲ ಆ ಒಂದು ಮಾತಿನ ಮುಂದೆ ನೀರಾಯಿತು.

ಆದರೆ ನನಗೆ ಸಿಡಿಲು ಬಡಿದಂತಾದದ್ದು ಬುಟ್ಟಿಯ ಮಾತಿಗೆ. ನನ್ನ ಜೇಬಿನಲ್ಲಿದ್ದ ಮೊಬೈಲಿನಲ್ಲಿ ಹುಡುಗಿ ಬುಟ್ಟಿ ಬೋರಲು ಹಾಕಿ ಹತ್ತುತ್ತಾಳೆ. ಚಿಲಕ ಮುಟ್ಟುತ್ತಾಳೆ. ಇಳಿದುಬಿಡುತ್ತಾಳೆ. ಮುದುಕಿ ನನ್ನ ಮುಖ ನೋಡಿದಳು. "ಅದನ್ನೂ ಬರದೀರೇನ್ರಿ?" ಎಂದಳು. ತಲೆಯಾಡಿಸಿದೆ. "ಅದನ್ನ ನಾ ಯಾರ ಮುಂದೂ ಹೇಳಿಲ್ಲ. ದೇವರ ಮುಂದೂ ಹೇಳಿಲ್ಲ." ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಿಮ್ಮ ಕಥಿಯೊಳಗರ ಆ ಹುಡುಗಿ ಬಾಗಲಾ ತೆಗೀಲಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನೋಡಿದ್ದೇನೆ. ಈರಣ್ಣ ಎಂದಾದರೂ ಹೇಳಿದ್ದನೇ? ಅಕ್ಕ ಒಬ್ಬಳಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕೇಳಿದ್ದೆನೇ? ನಮ್ಮ ಮನೆಯಲ್ಲಿ ಯಾರಿಗೂ ಬೆಟಗೇರಿಯ ನಂಟಿಲ್ಲ. ದಿನ ಎಣಿಸುವ ಗೀರು ಯಾವ ಮಗ್ಗದಲ್ಲಾದರೂ ಇರಬಹುದು, ಒಪ್ಪುತ್ತೇನೆ. ಬುಟ್ಟಿ? ಯಾರಿಗೂ ಹೇಳದ ಮಾತು ನನ್ನ ಮೊಬೈಲಿಗೆ ಹೇಗೆ ಬಂತು?

ಎರಡನೆಯ ಭಾಗದಲ್ಲಿ ಹುಡುಗಿ ಚಿಲಕ ತೆಗೆದಳು. ಕೇಳುಗರು ಉಗಿದರು. 'ಕಥಿ ಕೆಡಿಸಿದ್ರಿ ಸರ' ಎಂದರು. ಆಮೇಲೆ ನಾನು ಆ ಜಾತಿಯ ಕಥೆ ಬರೆದಿಲ್ಲ. ಬರೆಯಲು ಕುಳಿತರೆ, ಇದು ಯಾರದೋ ಏನೋ ಎಂಬ ಹೆದರಿಕೆ.

ಮುಂದಿನ ಅಮಾವಾಸ್ಯೆಗೆ ಹೋಗಿ ಆ ಭಾಗವನ್ನು ನೀಲವ್ವನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. "ಹೊರಗ ಬಂದ್ಲ?" ಎಂದಳು. ಬಂದಳು ಯವ್ವಾ ಎಂದೆ. "ಬಂದು, ತಂಗಿಗೆ ಏನಂದ್ಲು?"

ನಾನು ಅದನ್ನು ಬರೆದಿರಲಿಲ್ಲ. ಏನಾದರೊಂದು ಹೇಳಿಬಿಡೋಣ ಎಂದುಕೊಂಡೆ, ಸುಳ್ಳು ಕಟ್ಟುವುದೇ ನನ್ನ ಕಸುಬಾಗಿತ್ತಲ್ಲ. ಆದರೆ ಯಾರೂ ಹೇಳದ್ದನ್ನೆಲ್ಲ ಬರೆದವನಿಗೆ ಆ ಒಂದು ಮಾತು ಹೊಳೆಯಲಿಲ್ಲ, ಇವತ್ತಿಗೂ ಹೊಳೆದಿಲ್ಲ.

ಏಳುವಾಗ ಬಾಗಿಲು ಮುಂದೆ ಮಾಡಿಕೊಂಡು ಹೋಗಲೇ ಎಂದು ಕೇಳಿದೆ. "ಬ್ಯಾಡ್ರಿ" ಎಂದಳು. "ಹೊಳದ ದಿನಾ ಬಂದು ಹೇಳ್ರಿ. ಬಾಗಲಾ ತೆಗದ ಇರತೈತಿ."