ಅಳಿಯನ ಕಂಪನಿ, ಅತ್ತೆಯ ಉಪ್ಪು

ನಾನೊಂದು ಕಂಪನಿಯ ಸಂಸ್ಥಾಪಕ. ಈ ಮಾತನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವಂತಿಲ್ಲ, ಹೆಂಡತಿ ನಗುತ್ತಾಳೆ. ಆದರೆ ನನ್ನ ಹೆಸರಿನ ಕೆಳಗೆ ‘ಸಂಸ್ಥಾಪಕರು’ ಎಂದು ಅಚ್ಚಾದ ವಿಸಿಟಿಂಗ್ ಕಾರ್ಡಿನ ಕಟ್ಟು ಇನ್ನೂ ಕಪಾಟಿನಲ್ಲಿದೆ. ಅದರಡಿ ‘ಶಾಖೆಗಳು: ಹುನಗುಂದ, ಬಾದಾಮಿ, ಬಾಗಲಕೋಟೆ’ ಎಂದೂ ಇದೆ. ಆ ಕಾರ್ಡು ಅಚ್ಚಾಗಿ ಬಂದ ದಿನ ನಾವು ನಮ್ಮೂರು ಇಳಕಲ್‌ನಲ್ಲಿ ಒಂದು ರೊಟ್ಟಿಯನ್ನೂ ಮಾರಿರಲಿಲ್ಲ.

ಹುಚ್ಚು ಹತ್ತಿದ್ದು ಬಾಗಲಕೋಟೆಯ ನವನಗರದಲ್ಲಿ. ಬೀಗರ ಮನೆಗೆ ಹೋಗಿದ್ದೆ. ಅವರ ಮಗಳು ಸೋಫಾದಿಂದ ಏಳದೆ ಮೊಬೈಲ್ ಒತ್ತಿದಳು. ನಾವು ಚಹಾ ಕುಡಿದು ಹರಟೆ ಹೊಡೆಯುವಷ್ಟರಲ್ಲಿ ಬಿಸಿ ಬಿರಿಯಾನಿ ಬಾಗಿಲಿಗೆ ಬಂತು. ಉಳಿದವರು ಉಂಡರು, ನಾನು ಡಬ್ಬಿ, ಅದರ ಮುಚ್ಚಳ, ತಂದವನ ಅಂಗಿಯ ಬಣ್ಣ ನೋಡುತ್ತ ಕೂತೆ. ನಮ್ಮ ಮಗ್ಗದ ಸೀರೆಗಳ ಫೋಟೋ ತೆಗೆದು ವಾಟ್ಸಾಪಿನಲ್ಲಿ ಮಾರುವುದು ಆಗ ನನ್ನ ಕೆಲಸ. ಮೊಬೈಲಿನಲ್ಲಿ ಸೀರೆ ಹೋಗುತ್ತದೆಂದರೆ ರೊಟ್ಟಿ ಯಾಕೆ ಹೋಗಬಾರದು ಎಂಬ ಪ್ರಶ್ನೆ ಬಸ್ಸು ಹತ್ತುವಾಗ ತಲೆ ಹೊಕ್ಕಿತು. ಬಸ್ಸು ಹುನಗುಂದ ದಾಟುವಾಗ ನಾನು ಮನಸ್ಸಿನಲ್ಲೇ ದೊಡ್ಡ ಸಾವ್ಕಾರನಾಗಿದ್ದೆ.

ಕಂಪನಿಗೆ ಇಬ್ಬರೇ ಪಾಲುದಾರರು. ಒಬ್ಬ ನಾನು, ಇನ್ನೊಬ್ಬ ಸಾಲೆಯ ಕಾಲದ ಗೆಳೆಯ. ಅವನದು ಮೊಬೈಲ್ ರಿಪೇರಿ ಅಂಗಡಿ. ಅವನ ಚಿಕ್ಕಪ್ಪನ ಮಗ ಆಪ್ ಮಾಡಿಕೊಟ್ಟ, ಊಟ ಮುಟ್ಟಿಸಲು ಅವನದೇ ಸ್ಕೂಟರ್, ಓಡಿಸುವವನೂ ಅವನೇ. ಹಾಗಾದರೆ ನೀನು ಏನು ಹಾಕಿದೆ ಎಂದು ಕೇಳಿದರೆ, ನನ್ನ ಬಂಡವಾಳ ನನ್ನ ಅತ್ತೆ.

ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಓಣಿಯ ಆಚೆಗೆ ಖಾನಾವಳಿ ನಡೆಸುತ್ತಿದ್ದರು. ಮಾವ ಬೇಗ ತೀರಿಹೋಗಿದ್ದರು. ಆ ಒಲೆಯ ಮೇಲೆಯೇ ಅವರು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಮದುವೆ ಮಾಡಿ ಕಳಿಸಿದರು. ಈಗ ಅಲ್ಲೇ, ಒಲೆಯ ಪಕ್ಕದ ಖೋಲಿಯಲ್ಲಿ ಒಬ್ಬರೇ ಇರುತ್ತಿದ್ದರು. ಸಾಕು ಮಾಡಿ ನಮ್ಮ ಮನೆಗೆ ಬಾ ಎಂದು ನನ್ನ ಹೆಂಡತಿ ಕರೆದಾಗಲೆಲ್ಲ ಒಂದೇ ಉತ್ತರ: “ಒಲಿ ಉರಿಯೂತನಕ ನಾ ಮಗಳ ಮನಿ ಅನ್ನಾ ಉಣ್ಣಂಗಿಲ್ಲ.” ಆ ಒಲೆ ಆರಿದರೆ ಅವರ ಸೆಟೆದ ಬೆನ್ನು ಬಗ್ಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಅವರ ಅಡುಗೆಗೆ ಒಂದು ನೇಮ. ಮೊದಲ ಎಡೆ ಬನಶಂಕರಿಗೆ. ದೇವಿಗೆ ತೋರಿಸುವ ಮುಂಚೆ ರುಚಿ ನೋಡಿದರೆ ಎಂಜಲು, ಆದ್ದರಿಂದ ಏನನ್ನೂ ನಾಲಿಗೆಗೆ ಹಚ್ಚುತ್ತಿರಲಿಲ್ಲ. ದೇವಿಗೆ ತೋರಿಸಿದ ಮೇಲೂ ಇಲ್ಲ, ಬಿ.ಪಿ. ಎಂದು ದವಾಖಾನೆಯವರು ಉಪ್ಪು ಬಿಡಿಸಿದ್ದರಿಂದ ತಮಗೆ ಬೇರೆಯೇ ಸಪ್ಪೆ ಬೇಳೆ ಕುದಿಸಿಕೊಳ್ಳುತ್ತಿದ್ದರು. ಮತ್ತೆ ರುಚಿ ಹೇಗೆ ತಿಳಿಯುತ್ತಿತ್ತು ಎಂದರೆ, ಉಣ್ಣುವವರ ಮುಖದಿಂದ. ಮಗ್ಗದವರ ಮೊದಲ ಪಂಕ್ತಿ ಬೆಂಚಿನ ಮೇಲೆ ಕೂತಾಗ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುವರು. ಯಾರಾದರೂ ಬೇಗನೆ ನೀರಿಗೆ ಕೈ ಚಾಚಿದರೆ, ಪಲ್ಯ ಬಿಟ್ಟು ಮೊಸರು ಕೇಳಿದರೆ, ಸುಮ್ಮನೆ ಒಳಗೆ ಹೋಗಿ ಪಾತ್ರೆಗೆ ಏನೋ ಹಾಕಿ ಬರುವರು. ಎರಡನೆಯ ಪಂಕ್ತಿಗೆ ಎಲ್ಲ ಸರಿಯಾಗಿರುತ್ತಿತ್ತು.

ಇದನ್ನೆಲ್ಲ ನಾನು ವರ್ಷಗಟ್ಟಲೆ ನೋಡಿದ್ದೆ. ನೋಡಿಯೂ ಏನೂ ತಿಳಿಯದಿರುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಪಾರ್ಸಲ್ ಕಟ್ಟಲು ಜಾಗ ಬೇಕಿತ್ತು. ಬೆಂಚುಗಳನ್ನು ತೆಗೆಸಿದರೆ ಹೇಗೆ ಎಂದು ಅತ್ತೆಯನ್ನು ಕೇಳಿದೆ. ಕೂತು ಉಣ್ಣುವ ಕಾಲ ಮುಗಿಯಿತು, ಇನ್ನು ಮುಂದೆ ಊಟವೇ ಮಂದಿಯ ಕಡೆ ನಡೆದು ಹೋಗುತ್ತದೆ ಎಂದು ಒಂದು ಸಣ್ಣ ಭಾಷಣವನ್ನೂ ಬಿಗಿದೆ. ಅವರು ಸೆರಗು ಸರಿಮಾಡಿಕೊಂಡು “ಆತ್ರಿ” ಎಂದರು. ನನ್ನ ಮಾತಿನ ಮೋಡಿಗೆ ನಾನೇ ಬೆರಗಾದೆ. ಬೆಂಚುಗಳು ಗೆಳೆಯನ ಅಂಗಡಿಯ ಹಿಂದಿನ ಪತ್ರಾಸಿನ ಶೆಡ್ಡಿಗೆ ಹೋದವು.

ಮೊದಮೊದಲು ಕಂಪನಿ ಕುದುರೆಯಂತೆ ಓಡಿತು. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಶೇಂಗಾ ಚಟ್ನಿ. ಊರ ಅಳಿಯ ಏನೋ ಮಾಡಿದ್ದಾನೆಂದು ಬೀಗರು, ಬಿಜ್ಜರು, ಬ್ಯಾಂಕಿನವರು ಎಲ್ಲರೂ ತರಿಸಿದರು. ನಮ್ಮ ಆಪಿನಲ್ಲಿ ಐದು ಚುಕ್ಕಿಗಳಿದ್ದವು. ಊಟ ಹೇಗಿತ್ತೆಂದು ಅವನ್ನು ಒತ್ತಿ ಹೇಳಬೇಕು. ಬಂದದ್ದೆಲ್ಲ ಐದಕ್ಕೆ ಐದು. ಬಾಗಲಕೋಟೆಯ ದೊಡ್ಡ ಹೋಟೆಲುಗಳಿಗೂ ಇಂಥ ಭಾಗ್ಯವಿಲ್ಲ ಎಂದು ನಾನು ಅತ್ತೆಗೆ ಮೊಬೈಲ್ ಹಿಡಿದು ತೋರಿಸುತ್ತಿದ್ದೆ. ಅವರಿಗೂ ಆ ಹಳದಿ ಚುಕ್ಕಿಗಳ ರುಚಿ ಹತ್ತಿತು. ಸಂಜೆ ಹೋದರೆ, ಇವತ್ತಿನ ಚುಕ್ಕಿ ತೋರಿಸಿರಿ ಎಂದು ಅವರೇ ಕೇಳುತ್ತಿದ್ದರು.

ಆಮೇಲೆ ಆರ್ಡರು ಇಳಿಯತೊಡಗಿದವು. ಚುಕ್ಕಿ ಮಾತ್ರ ಒಂದೂ ಇಳಿಯಲಿಲ್ಲ. ನಾನು ಕಾರಣ ಹುಡುಕಿದೆ: ಶ್ರಾವಣ ಎಂದೆ, ಪರೀಕ್ಷೆ ಎಂದೆ, ಆಪಿನ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದೆ. ಬಣ್ಣ ಬದಲಿಸಿದೆವು. ಆರ್ಡರು ಇನ್ನಷ್ಟು ಇಳಿದವು. ಅತ್ತೆ ದೊಡ್ಡ ಪಾತ್ರೆ ಬಿಟ್ಟು ಸಣ್ಣದನ್ನು ಒಲೆಯ ಮೇಲಿಡುವುದನ್ನು ಒಂದು ದಿನ ನೋಡಿದೆ. ಬೆಂಚೂ ಇಲ್ಲ, ಪಾರ್ಸಲ್ಲೂ ಇಲ್ಲ ಎಂದಾದರೆ ಒಲೆ ಎಷ್ಟು ದಿನ ಉರಿದೀತು?

ಉತ್ತರ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ, ನನ್ನ ಹೆಂಡತಿಗೆ. ಪಾಳಿಯಲ್ಲಿ ನಿಂತ ಹೆಂಗಸರು ಒಬ್ಬೊಬ್ಬರಾಗಿ, ನಿಮ್ಮವ್ವ ಆರಾಮ ಅದಾರಲ್ಲ ಎಂದು ಕೇಳಿದರಂತೆ. ನಮ್ಮ ಕಡೆ ಇನ್ನೊಬ್ಬರ ಅಡುಗೆಗೆ ಹೆಸರಿಡುವುದು ಇದಕ್ಕಿಂತ ಗಟ್ಟಿಯಾಗಿ ಇರುವುದಿಲ್ಲ. ಹೆಂಡತಿ ಮನೆಗೆ ಬಂದವಳೇ ಬೇರೆಯವರ ಮೊಬೈಲಿನಿಂದ ಒಂದು ಊಟ ತರಿಸಿದಳು. ಸಂಸ್ಥಾಪಕರು ತಮ್ಮ ಕಂಪನಿಯ ಊಟವನ್ನು ಮೊದಲ ಸಲ ಉಂಡದ್ದು ಆಗ. ಎಣ್ಣೆಗಾಯಿ ಬಾಯಿಗಿಟ್ಟರೆ ಉಪ್ಪೋ ಉಪ್ಪು. ಎರಡನೆಯ ತುತ್ತಿಗೆ ತಂಬಿಗೆ ನೀರು ಖಾಲಿ.

ಆದದ್ದು ಇಷ್ಟೆ. ಪಾರ್ಸಲ್ ಗಡಿಬಿಡಿಯಲ್ಲಿ ಕಲ್ಲುಪ್ಪು ಬೇಗ ಕರಗುವುದಿಲ್ಲವೆಂದು ಅತ್ತೆ ಪ್ಯಾಕೆಟ್ಟಿನ ಪುಡಿಯುಪ್ಪಿಗೆ ಬದಲಾಗಿದ್ದರು. ಅಳತೆ ಮಾತ್ರ ಹಳೆಯ ಮುಷ್ಟಿಯದೇ. ಪುಡಿಯುಪ್ಪು ಮುಷ್ಟಿಯಲ್ಲಿ ಹೆಚ್ಚು ಹಿಡಿಯುತ್ತದೆ. ಹಿಂದಿನಂತಿದ್ದರೆ ಮೊದಲ ಪಂಕ್ತಿಯಲ್ಲೇ ತಿಳಿಯುತ್ತಿತ್ತು. ಪಂಕ್ತಿಯನ್ನೇ ನಾನು ಶೆಡ್ಡಿಗೆ ಹಾಕಿದ್ದೆ. ಚುಕ್ಕಿಯ ಗುಟ್ಟನ್ನು ಗೆಳೆಯ ಬಾಯಿಬಿಟ್ಟ. ಊಟ ಒಯ್ದವನನ್ನು ಜನ ಒಳಗೆ ಕರೆದು ಚಹಾ ಕೊಡುತ್ತಿದ್ದರು, ಇವನು ಕುಡಿಯುತ್ತ ಮೊಬೈಲ್ ಮುಂದೆ ಹಿಡಿಯುತ್ತಿದ್ದ, ಎದುರಿಗೆ ಕೂತವನ ಮರ್ಯಾದೆಗೆ ಅವರು ಐದೂ ಚುಕ್ಕಿ ಒತ್ತುತ್ತಿದ್ದರು. ಪೊಟ್ಟಣ ಇನ್ನೂ ಬಿಚ್ಚಿರುತ್ತಿರಲಿಲ್ಲ.

ಈಗ ಅತ್ತೆಗೆ ಹೇಳುವವರು ಯಾರು? ಹೆಂಡತಿ ಒಲ್ಲೆ ಎಂದಳು. ತಾನು ಹೇಳಿದರೆ ಒಲೆ ಆರಿಸಿ ಮನೆಗೆ ಕರೆಯುವ ಹೂಟ ಎಂದು ಅವ್ವ ತಿಳಿಯುತ್ತಾಳೆ ಎಂದಳು. ಅದು ಖರೆಯೂ ಹೌದು. ಗೆಳೆಯ ಸಾಲೆಗೆ ಹೋಗುವಾಗಿನಿಂದ ಆ ಕೈಯ ರೊಟ್ಟಿ ತಿಂದವನು. “ಅಳಿಯಾ ನೀ ಅದೀಯಲ್ಲಲೇ” ಎಂದು ಕೈ ತೊಳೆದುಕೊಂಡ. ಅತ್ತೆ ಬಡಿಸಿದ್ದನ್ನು ಛಲೋ ಆಗೇತ್ರಿ ಎಂದು ಉಂಡು ಏಳಬೇಕಾದ ಒಬ್ಬನೇ ಒಬ್ಬ ಪ್ರಾಣಿ ಅಳಿಯ. ಕೆಲಸ ಅವನ ಪಾಲಿಗೇ ಬಂತು.

ಮಧ್ಯಾಹ್ನ ಹೋದೆ. ಚಾಪೆ ಹಾಸಿ ಬಡಿಸಿದರು. ಅವರ ಕಣ್ಣು ನನ್ನ ಮುಖದ ಮೇಲೆ ಬಿದ್ದರೆ ತಾನೇ ತಿಳಿಯುತ್ತದೆ ಎಂದು ಆಸೆಯಿಟ್ಟು, ಮುಖವನ್ನು ಹಿಂಡಿ ಹಿಪ್ಪೆ ಮಾಡಿಕೊಂಡು ಕೂತೆ. ಆದರೆ ಅಳಿಯನ ಮುಖವನ್ನು ಅತ್ತೆಯಾದವರು ನೆಟ್ಟು ನೋಡುವುದಿಲ್ಲ. ಸೆರಗು ಹೊದ್ದು ಬಾಗಿಲ ಮರೆಯಲ್ಲಿ ತಾಟನ್ನಷ್ಟೇ ನೋಡುತ್ತ ನಿಂತಿದ್ದರು. ನನ್ನ ನಟನೆಯೆಲ್ಲ ಗೋಡೆಯ ಕ್ಯಾಲೆಂಡರಿಗೆ ಸಂದಾಯವಾಯಿತು. ಇನ್ನೊಂದು ರೊಟ್ಟಿ ಬಂತು.

“ಅತ್ತಿ, ಉಪ್ಪು ಭಾಳ ಆಗೇತ್ರಿ” ಎಂದೆ.

ಇವತ್ತೊಂದೇ ದಿನವೋ ಎಂದು ಅವರು ಕೇಳಿದರು. ಭಾಳ ದಿನದಿಂದ ಎಂದೆ. ಮತ್ತೆ ಆ ಚುಕ್ಕಿ? ಅವು ಪೊಟ್ಟಣ ಬಿಚ್ಚುವ ಮುಂಚಿನವು ಎಂದೆ. ಅತ್ತೆ ಒಳಗೆ ಹೋಗಿ ಒಂದು ಚೂರು ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಬಂದರು. ದವಾಖಾನೆಯವರ ಮಾತು ಮುರಿದು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿತು. ಊರಿಗೆಲ್ಲ ಇದನ್ನೇ ಉಣಿಸಿದೆನಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವರು ನನ್ನೆದುರಿಗೆ, ನೆಲದ ಮೇಲೆ, ಮೊದಲ ಸಲ ಕೂತರು.

“ನೀವು ಹೇಳಿದ್ದು ಛಲೋ ಆತ್ರಿ. ನಾನೂ ಒಂದು ಹೇಳ್ಲೇನು? ನಿಮ್ಮ ಕಂಪನಿ ಮೊದಲನೇ ದಿನಾನ ನನ್ನ ಮನಸ್ಸಿಗೆ ಬಂದಿದ್ದಿಲ್ಲ. ಅಳಿಯಂದ್ರು ಬಾಯಿಬಿಟ್ಟು ಕೇಳ್ಯಾರ, ಒಲ್ಲೆ ಅಂತ ಹೆಂಗ ಅನ್ನೂದಂತ ಬೆಂಚ್ ತಗಸಿದೆ.”

ಜೀವನದ ಒಲೆಯನ್ನೇ ನನ್ನ ಕೈಗೆ ಕೊಟ್ಟಿದ್ದರು, ಬರೀ ನನ್ನ ಮನಸ್ಸು ನೋಯಬಾರದೆಂದು. ನಾನು ಅದನ್ನು ನನ್ನ ಮಾತಿನ ಮೋಡಿ ಎಂದುಕೊಂಡು ತಿರುಗಿದ್ದೆ. ಬೆಂಚುಗಳನ್ನು ನಾಳೆ ತರಿಸುತ್ತೇನೆ ಎಂದೆ.

“ನಾಳಿ ಬ್ಯಾಡ. ಈಗ ಹೋಗಿ ತರ್ರಿ” ಎಂದರು.

ಮದುವೆಯಾದಂದಿನಿಂದ ಅತ್ತೆ ನನಗೆ ಹೇಳಿದ ಮೊದಲ ಕೆಲಸ ಅದು. ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಉಂಡು ಹೋಗಿರಿ ಎಂದು ಅವರೂ ಅನ್ನಲಿಲ್ಲ. ಕೈ ತೊಳೆದು ಶೆಡ್ಡಿನ ಕಡೆ ಹೊರಟೆ.