ರುಮಾಲು ಸುತ್ತಿಸಿಕೊಳ್ಳುವ ಗೌಡರು

ಹರಿದಿದ್ದ ಭುಜದ ಸ್ನಾಯು ಹೊಲಿಸಿಕೊಂಡು ಬಂದಾಗಿನಿಂದ ಯರಗುಪ್ಪಿಯ ಗುರುಸಿದ್ದಗೌಡರು ಊರಿಗೆ ಅರ್ಧ ಡಾಕ್ಟರು. ಮಾತಾಡಿಸಿದವರಿಗೆಲ್ಲ ಬಲಗೈ ತೋರಿಸಿ, “ಎತ್ತಿದ್ರ ಹರೀತೈತಿ, ಎತ್ತದಿದ್ರ ಸೆಟೀತೈತಿ, ಸಣ್ಣ ಕೆಲಸ ಅಲ್ರಿ ಇದು!” ಅನ್ನುವರು. ದಿನಾ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸುವ ವ್ಯಾಯಾಮ. ಹೆಂಡತಿ ನೀಲವ್ವ “ಸುಣ್ಣ ಉದುರಸಬ್ಯಾಡ್ರಿ” ಅಂದರೆ ಮೂಗಿನ ತುದಿಗೆ ಸಿಟ್ಟು. ಕೈ ತಲೆ ಮುಟ್ಟದ್ದರಿಂದ ರುಮಾಲು ಸುತ್ತುವುದು ಆಕೆಯ ಪಾಲಿಗೆ ಬಂತು. ಯಾರಿಗೂ ತಲೆಬಾಗದ ಗೌಡರು ಮುಂಜಾನೆ ಆಕೆಯ ಮುಂದೆ ತಲೆ ಬಗ್ಗಿಸಿ ಕೂತು, “ಬಿಗಿ ಸುತ್ತು, ಮಂದಿ ನಗತಾರ” ಎಂದು ಗೊಣಗುವರು. ನಿನ್ನೆ ಗೌಡರು ಅದೇ ಬಲಗೈಯಿಂದ ಮೇಲಿನ ಹಲಗೆಯ ಬೆಲ್ಲದ ಡಬ್ಬಿಯನ್ನು ಸಲೀಸಾಗಿ ಇಳಿಸಿದ್ದನ್ನು ನೀಲವ್ವ ಬಾಗಿಲ ಸಂದಿಯಿಂದ ಕಂಡಳು. ಇವತ್ತು ಮತ್ತೆ ರುಮಾಲು ಹಿಡಿದು ಬಂದು ಕೂತರು: “ಕೈ ಇನ್ನೂ ಏಳವಲ್ದು ನೋಡು.” “ಹೌದ್ರಿ, ಅವಸರ ಮಾಡಬ್ಯಾಡ್ರಿ,” ಅಂದಳು ನೀಲವ್ವ, ಇನ್ನೊಂದು ಸುತ್ತು ಸುತ್ತುತ್ತ.